ನಾಲ್ಕು ಕೋಣೆ, ಎಂಟು ಹೆಣ್ಣುಮಕ್ಕಳ ಪಾಳಿ: ಬಾದಾಮಿ ಸೀಮೆಯ ಒಂದು ಹೋಮ್‌ಸ್ಟೇ

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಲು ಬರುವವರಲ್ಲಿ ಬಹಳಷ್ಟು ಮಂದಿ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ, ಸಂಜೆಯಾಗುತ್ತಲೇ ಹುಬ್ಬಳ್ಳಿಯ ಕಡೆಗೋ ಹೊಸಪೇಟೆಯ ಕಡೆಗೋ ಗಾಡಿ ತಿರುಗಿಸಿಬಿಡುತ್ತಾರೆ. ಚಾಲುಕ್ಯ ಮಂಗಳೇಶ ಬರೆಸಿದ 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಗುಡಿಗಳು, ರವಿಕೀರ್ತಿಯ 634ರ ಶಾಸನವನ್ನು ಗೋಡೆಯಲ್ಲಿ ಹೊತ್ತು ನಿಂತ ಐಹೊಳೆಯ ಮೇಗುತಿ ಬಸದಿ, ಇವೆಲ್ಲ ಸುಮಾರು ಮೂವತ್ತೈದು ಕಿಲೋಮೀಟರಿನ ಹಾದಿಯಲ್ಲೇ ಸಿಗುತ್ತವಾದರೂ ರಾತ್ರಿ ಉಳಿದು, ಮರುದಿನ ಬೆಳಗಿನ ಬಿಸಿಲಿನಲ್ಲಿ ಇನ್ನೊಮ್ಮೆ ನೋಡುವವರು ಕಡಿಮೆ. ನೋಡುಗರು ನಿಲ್ಲದ ಊರಿನಲ್ಲಿ ಅವರ ಹಣವೂ ನಿಲ್ಲುವುದಿಲ್ಲ. ಟಿಕೆಟ್ಟು, ಒಂದು ಊಟ, ಎರಡು ಚಹಾ, ಇಷ್ಟರ ಮೇಲೆ ಸುತ್ತಲ ಹಳ್ಳಿಗಳಿಗೆ ಏನೂ ದಕ್ಕುವುದಿಲ್ಲ.

ಉಳಿಯದಿರುವುದಕ್ಕೆ ಕೋಣೆಗಳ ಕೊರತೆಯೊಂದೇ ಕಾರಣವಲ್ಲ ಎಂಬುದು ಈ ಸೀಮೆಯಲ್ಲಿ ಮೇಲಿಂದ ಮೇಲೆ ಓಡಾಡುವ ನನಗೆ ಗೊತ್ತಾಗುತ್ತ ಬಂದಿದೆ. ಕೆಲ ಕಾಲದ ಹಿಂದೆ ಬಾದಾಮಿಯ ಒಂದು ಲಾಡ್ಜಿನಲ್ಲಿ ಇಳಿದಾಗ, ಚೀಲ ಹೊತ್ತು ತಂದ ಹುಡುಗನೇ ಚಹಾ ತಂದ, ಅವನೇ ಬಚ್ಚಲು ತೊಳೆದ, ರಾತ್ರಿ ಅವನೇ ಕೌಂಟರಿನ ಹಿಂದೆ ಚಾಪೆ ಹಾಸಿ ಮಲಗಿದ. ಹಾಸಿಗೆಯ ಮೇಲೆ ಹಿಂದಿನವರು ಬಳಸಿದ ಚಾದರವೇ ಇತ್ತು. ಬದಲಿಸಲು ಕೇಳಿದಾಗ ಅವನು ಮುಖ ತಗ್ಗಿಸಿ, ಒಗೆಯುವವರು ಊರಿಗೆ ಹೋಗಿ ವಾರವಾಯಿತೆಂದ. ಹದಿನೆಂಟು ಹತ್ತೊಂಬತ್ತರ ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾವ ನ್ಯಾಯವೂ ಇರಲಿಲ್ಲ. ಆರು ಜನರ ಕೆಲಸವನ್ನು ಒಬ್ಬನ ಮೇಲೆ ಹೇರಿದ್ದರು. ಈ ಚಳಿಗಾಲದಲ್ಲಿ ಮನೆಮಂದಿಯೊಡನೆ ಹೊರಟಾಗ, ಕೆಲಸಗಾರರ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ ಎಂದು ಕೇಳಿದ್ದ ಒಂದು ಹಳ್ಳಿಯ ಹೋಮ್‌ಸ್ಟೇಯಲ್ಲೇ ತಂಗಬೇಕೆಂದು ನಿಶ್ಚಯಿಸಿದೆ. ಅದರ ಕುರಿತಾದ ವಿಮರ್ಶೆ ಇದು.

ಬಾದಾಮಿಯಿಂದ ಪಟ್ಟದಕಲ್ಲಿನ ಕಡೆಗೆ ಹೋಗುವ ದಾರಿಯಿಂದ ತುಸು ಒಳಗಿರುವ ಹಳ್ಳಿಯಲ್ಲಿ ಈ ಮನೆಯಿದೆ. ಹೆಸರನ್ನು ಹಾಕಬೇಡಿ ಎಂದು ಮನೆಯೊಡತಿ ಕೇಳಿಕೊಂಡಿದ್ದಾರೆ. ಇರುವುದು ನಾಲ್ಕೇ ಕೋಣೆ, ಈಗ ಬರುವ ಕರೆಗಳಿಗೇ ಇಲ್ಲವೆನ್ನಬೇಕಾಗುತ್ತಿದೆ, ಇನ್ನಷ್ಟು ಜನ ಬಂದರೆ ಕೈಯಾಳುಗಳ ಮೇಲೆ ಭಾರ ಬೀಳುತ್ತದೆ ಎಂಬುದು ಅವರ ಮಾತು. ಬುಕಿಂಗ್ ಆ್ಯಪುಗಳಲ್ಲೂ ಇದೇ ಕಾರಣಕ್ಕೆ ಸೇರಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ. ಹೋಗಲೇಬೇಕೆನ್ನುವವರಿಗೆ ಬಾದಾಮಿಯ ಆಟೋ ಚಾಲಕರಲ್ಲಿ ಒಬ್ಬಿಬ್ಬರನ್ನು ವಿಚಾರಿಸಿದರೆ ದಾರಿ ಸಿಗುತ್ತದೆ.

ಮನೆ ಈ ಭಾಗದ ಕೆಂಪುಕಲ್ಲಿನದು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದಿನ ಅಂಗಳಕ್ಕೆ ಹೊಂದಿಸಿ ಕಟ್ಟಿದ ನಾಲ್ಕು ಹೊಸ ಕೋಣೆಗಳು. ಕೋಣೆ ದೊಡ್ಡದಲ್ಲ, ಆದರೆ ಗಾಳಿ ಬೆಳಕು ಚೆನ್ನಾಗಿದೆ. ನೆಲವನ್ನು ದಿನಾ ಒರೆಸುತ್ತಾರೆ, ಚಾದರ ಒಗೆದು ಬಿಸಿಲಿಗೆ ಹಾಕಿದ್ದರ ವಾಸನೆಯೇ ಅದರ ಶುಚಿಗೆ ಸಾಕ್ಷಿ, ಹೊದೆಯಲು ಕೊಡುವ ಕೌದಿಗಳನ್ನು ಊರಿನಲ್ಲೇ ಹೊಲಿಸಿದ್ದಾರೆ. ಬಚ್ಚಲಿನಲ್ಲಿ ಬಿಸಿನೀರು ಸೋಲಾರಿನದು. ಬೆಳಗ್ಗೆ ಎಂಟರೊಳಗೆ ನಾಲ್ಕೂ ಕೋಣೆಯವರು ಸ್ನಾನ ಮುಗಿಸಿದರೆ ಕೊನೆಯವರಿಗೆ ಉಗುರುಬೆಚ್ಚನೆಯ ನೀರೇ ಗತಿ. ಡಿಸೆಂಬರಿನ ಚಳಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಹಿತ್ತಲಿನ ಹಂಡೆಯಲ್ಲಿ ಕಾಯಿಸಿ ಕೊಡುತ್ತಾರೆಂಬುದು ನಿಜವಾದರೂ ಕೇಳಬೇಕು, ಕಾಯಬೇಕು. ಒಂದು ಗೀಸರನ್ನಾದರೂ ಇಡುವುದು ಒಳ್ಳೆಯದು.

ಇಲ್ಲಿಗೆ ಬರಲು ನಿಜವಾದ ಕಾರಣ ಊಟ. ಮಧ್ಯಾಹ್ನ ಮತ್ತು ರಾತ್ರಿ ಒಂದೇ ಬಗೆಯ ಊಟ ಸಿಗುತ್ತದೆ, ಆಯ್ಕೆಯ ಪಟ್ಟಿ ಇಲ್ಲ. ಬಿಸಿ ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ಕಾಯಿಪಲ್ಯ, ಶೇಂಗಾ ಚಟ್ನಿ ಮತ್ತು ಅಗಸಿ ಚಟ್ನಿ, ಕೆನೆ ಕಟ್ಟಿದ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆ, ಮೆಂತ್ಯೆಯ ಎಳೆ ಸೊಪ್ಪು, ಕೊನೆಗೆ ಅನ್ನ ಸಾರು. ನಾವಿದ್ದಾಗ ಎಣಗಾಯಿ ಮಾಡಿದ್ದರು. ಎಳೆ ಮುಳಗಾಯಿಗಳನ್ನು ನಾಲ್ಕಾಗಿ ಸೀಳಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಮಸಾಲಿ ಖಾರ ಕೂಡಿಸಿ ಅರೆದದ್ದನ್ನು ತುಂಬಿ, ಸಣ್ಣ ಉರಿಯ ಮೇಲೆ ಎಣ್ಣೆ ಬಿಡುವ ತನಕ ಬೇಯಿಸಿದ್ದರಿಂದ ಕಾಯಿ ಒಡೆಯದೆ ಒಳಗಿನ ತನಕ ಮಸಾಲೆ ಹಿಡಿದಿತ್ತು. ಮಡಿಕೆಕಾಳಿನ ಉಸುಳಿಗೆ ಉಪ್ಪು ತುಸು ಮುಂದಾಗಿತ್ತು. ಹೇಳಿದೊಡನೆ ಮರುದಿನ ತಿದ್ದಿಕೊಂಡರು. ಪುಂಡಿಪಲ್ಯವನ್ನು ಮಾತ್ರ ಕೇಳಿ ಮಾಡಿಸಿಕೊಳ್ಳಿರೆಂದು ಹೇಳುತ್ತೇನೆ. ಜೋಳದ ನುಚ್ಚು ಕೂಡಿಸಿ ಕುದಿಸಿದ ಆ ಹುಳಿಗೆ ಎಣ್ಣೆಯ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ನಮ್ಮ ಜೊತೆಗಿದ್ದ ಮಕ್ಕಳು ಕೂಡ ಎರಡನೆಯ ರೊಟ್ಟಿ ಕೇಳಿದರು.

ರೊಟ್ಟಿ ಬಡಿಯುವ ಒಲೆಯ ಬಳಿ ಕೂತು ನೋಡಲು ಅವಕಾಶ ಕೊಡುತ್ತಾರೆ. ಎಸರಿಗೆ ಹಿಟ್ಟು ಕೂಡಿಸಿ ನಾದಿ, ಒಣಹಿಟ್ಟು ಉದುರಿಸಿ, ಅಂಗೈಯಿಂದ ಬಡಿಯುತ್ತ ಬಡಿಯುತ್ತ ತಿರುವಿದಂತೆ ಮುದ್ದೆ ತೆಳ್ಳಗೆ ಹರಡಿ ಗುಂಡಗಾಗುತ್ತದೆ. ಅಂಚು ಒಡೆಯದಂತೆ ಎರಡು ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಸವರಿ, ಮಗುಚಿ, ಕೊನೆಗೆ ಹಂಚು ಸರಿಸಿ ಕೆಂಡಕ್ಕೆ ಒಡ್ಡಿದಾಗ ರೊಟ್ಟಿ ಉಬ್ಬುತ್ತದೆ. ಅಂದು ಒಲೆಯ ಮುಂದಿದ್ದ ಐವತ್ತರ ಆಸುಪಾಸಿನ ಅಕ್ಕ, ಮಾತಾಡುತ್ತಲೇ, ಒಂದು ಬೇಯುವಷ್ಟರಲ್ಲಿ ಇನ್ನೊಂದನ್ನು ಬಡಿದು ಮುಗಿಸುತ್ತಿದ್ದರು. ಬನಶಂಕರಿ ಗುಡಿಯ ಹೊಂಡದ ಬಳಿ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ತಂದು ಯಾತ್ರಿಕರಿಗೆ ಬಡಿಸುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಈ ಕೈಚಳಕ ಹೊಸದಲ್ಲ. ಈ ಮನೆಯೊಡತಿಯ ಅತ್ತೆಯೂ ಹಿಂದೆ ಹಾಗೆ ಬುಟ್ಟಿ ಹೊತ್ತವರೇ. ಅತಿಥಿಗೆ ಉಣಬಡಿಸಿ ದುಡಿಯುವ ವಿದ್ಯೆ ಈ ಸೀಮೆಯ ಹೆಣ್ಣುಮಕ್ಕಳಿಗೆ ಹೊರಗಿನಿಂದ ಯಾರೂ ಬಂದು ಕಲಿಸಬೇಕಾದದ್ದಲ್ಲ. ಅವರಿಗೆ ಒಗ್ಗುವ ಹೊತ್ತನ್ನೂ ಸರಿಯಾದ ಪಗಾರವನ್ನೂ ಕೊಡುವವರು ಬೇಕಾಗಿದ್ದರು.

ಆ ಹೊತ್ತನ್ನು ಹೊಂದಿಸಿದ ರೀತಿಯೇ ಈ ಹೋಮ್‌ಸ್ಟೇಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಇನ್ನೂರು ಪುಟದ ನೋಟುಪುಸ್ತಕವೊಂದಿದೆ. ಪ್ರತಿ ಪುಟದಲ್ಲೂ ಸ್ಕೇಲಿನಿಂದ ಗೆರೆ ಎಳೆದು, ಎಡಕ್ಕೆ ಎಂಟು ಹೆಸರು, ಮೇಲೆ ವಾರದ ದಿನಗಳು, ಪ್ರತಿ ಮನೆಯಲ್ಲಿ "ಮುಂ", "ಮ", "ರಾ" ಎಂಬ ಅಕ್ಷರಗಳು. ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿ. ಒಂದೊಂದೂ ಮೂರೂವರೆ ನಾಲ್ಕು ತಾಸಿನದು. ಒಬ್ಬರಿಗೆ ದಿನಕ್ಕೆ ಒಂದೇ ಪಾಳಿ. ಹೊಲಕ್ಕೆ ಹೋಗಬೇಕಾದವರು ರಾತ್ರಿಯದನ್ನೂ, ಸಾಲೆಗೆ ಹೋಗುವ ಮಕ್ಕಳಿರುವವರು ಮಧ್ಯಾಹ್ನದ್ದನ್ನೂ ಆರಿಸಿಕೊಳ್ಳುತ್ತಾರೆ. ಬರಲಾಗದಿದ್ದರೆ ಬದಲಿಗೆ ಬರುವವರ ಹೆಸರನ್ನು ಅವರೇ ಬರೆದು ಹೋಗಬೇಕು. ಸಂತೆಯ ಹಿಂದಿನ ದಿನ ತಪ್ಪದೆ ಬಟವಾಡೆ. ತಿಂಗಳ ಪಗಾರವೆಂದರೆ ಈ ಹೆಣ್ಣುಮಕ್ಕಳಿಗೆ ಸಾಲ ಮಾಡಿ ಕಾಯಬೇಕಾದ ಹಣ, ವಾರದ್ದಾದರೆ ಸಂತೆಗೆ ಕೈಗೆ ಸಿಗುತ್ತದೆ ಎಂದು ಮನೆಯೊಡತಿ ವಿವರಿಸಿದರು.

ಕೆಲಸಗಾರರು ಸಿಗುವುದಿಲ್ಲ ಎಂದು ಈ ಭಾಗದ ಹೋಟೆಲಿನವರು ಗೋಳಿಡುವಾಗ ಮರೆಯುವ ಸಂಗತಿಯೊಂದಿದೆ. ಪ್ರವಾಸಿಗರ ಹಂಗಾಮು ಅಕ್ಟೋಬರಿನಿಂದ ಫೆಬ್ರುವರಿಯವರೆಗೆ. ಡಿಸೆಂಬರಿನಲ್ಲಿ ಸಾಲೆಯ ಪ್ರವಾಸದ ಬಸ್ಸುಗಳು, ಪುಷ್ಯ ಮಾಸದಲ್ಲಿ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ, ಎಲ್ಲವೂ ಇದೇ ತಿಂಗಳುಗಳಲ್ಲಿ. ಹಿಂಗಾರಿ ಜೋಳದ ಬಿತ್ತನೆ, ಕಳೆ, ಕಡಲೆ ಕೀಳುವುದು, ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯುವುದು, ಇವೂ ಇದೇ ತಿಂಗಳುಗಳಲ್ಲಿ ಬರುತ್ತವೆ. ಹೋಟೆಲಿಗೆ ಜನ ಬೇಕಾದಾಗಲೇ ಹೊಲವೂ ಕೂಲಿಯವರನ್ನು ಕರೆಯುತ್ತದೆ. ಹೊಲದ ಕೂಲಿ ಮಧ್ಯಾಹ್ನಕ್ಕೋ ಸಂಜೆಗೋ ಮುಗಿದು ಕೈಗೆ ಹಣ ಬರುತ್ತದೆ, ಲಾಡ್ಜಿನ ಕೆಲಸಕ್ಕೆ ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಮುಗಿಯುವುದೆಂಬುದೇ ಇಲ್ಲ. ಹೀಗಿರುವಾಗ ಯಾರು ಯಾವುದನ್ನು ಆರಿಸುತ್ತಾರೆ? ಕೊನೆಗೆ ಮಾಲೀಕರು ಒಡಿಶಾ, ಬಂಗಾಳ, ಅಸ್ಸಾಂ, ನೇಪಾಳದ ಹುಡುಗರನ್ನು ಕರೆತರುತ್ತಾರೆ. ಅವರಾದರೂ ತಮ್ಮ ಊರಿನ ಹಬ್ಬಕ್ಕೆ ಹೊರಟರೆ ಯಾವಾಗ ಮರಳುವರೋ ತಿಳಿಯದು. ಇತ್ತ ಬಾಗಲಕೋಟೆ, ವಿಜಯಪುರದ ಹಳ್ಳಿ ತಾಂಡಾಗಳ ಹುಡುಗರು ದುಡಿಯಲು ಗೋವಾಕ್ಕೂ ಮಂಗಳೂರಿಗೂ ಹೋಗಿ ಅಲ್ಲಿನ ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ನೋಡಿದರೆ ಕರುಳು ಹಿಂಡುವಂಥ ಸ್ಥಿತಿ ಇದು.

ಹಾಗೆ ಗೋವಾಕ್ಕೆ ಹೋಗಿ, ಒಂದು ರೆಸಾರ್ಟಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡಿ ಊರಿಗೆ ಮರಳಿದ ಒಬ್ಬ ಯುವಕ ಈಗ ಇಲ್ಲಿ ಕೋಣೆಗಳ ಉಸ್ತುವಾರಿ ನೋಡುತ್ತಾನೆ. ಹಾಸಿಗೆಯ ಚಾದರದ ಮೂಲೆಯನ್ನು ಕವರಿನಂತೆ ಮಡಿಸಿ ಗಾದಿಯ ಕೆಳಗೆ ಬಿಗಿಯಾಗಿ ಸಿಕ್ಕಿಸುವುದು, ಬಚ್ಚಲು ತೊಳೆಯುವ ಅರಿವೆ ಬೇರೆ, ಗ್ಲಾಸು ಒರೆಸುವ ಅರಿವೆ ಬೇರೆ ಬಣ್ಣದ್ದಿರಬೇಕೆಂಬುದು, ಕೋಣೆಗೆ ಕಾಲಿಡುವ ಮೊದಲು ಬಾಗಿಲು ತಟ್ಟಿ ಹೆಸರು ಹೇಳುವುದು, ಇವೆಲ್ಲವನ್ನು ಅಲ್ಲಿ ಕಲಿತು ಇಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದ್ದಾನೆ. ಗೋವಾದಲ್ಲಿ ಪಗಾರ ಹೆಚ್ಚಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿದ. "ಅಲ್ಲಿ ಖೋಲಿ ಬಾಡಿಗಿ, ಊಟಾ, ಊರಿಗೆ ಬಂದು ಹೋಗೂ ಖರ್ಚು ಎಲ್ಲಾ ತಗದ್ರ ಇಷ್ಟ ಉಳೀತಿತ್ರಿ. ಇಲ್ಲೆ ಅವ್ವನ ಕೈಯಾನ ಊಟಾ ಐತಿ, ಹೊಲಾನೂ ನೋಡ್ಕೋತೀನಿ" ಎಂದ. ಹಂಗಾಮು ಮುಗಿದ ಮೇಲೆ, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಕೋಣೆಗಳು ಖಾಲಿ ಬಿದ್ದಾಗ ಏನು ಮಾಡುವೆಯೆಂದು ಕೇಳಿದೆ. ಆಗ ಅರ್ಧ ಪಗಾರ ಕೊಡುತ್ತಾರೆ, ಸುಣ್ಣಬಣ್ಣ, ದುರಸ್ತಿ ಇರುತ್ತದೆ ಎಂಬ ಉತ್ತರ ಬಂತು. ಹೆಣ್ಣುಮಕ್ಕಳಿಗೆ ಆ ಅರ್ಧ ಪಗಾರವೂ ಇಲ್ಲ, ಪಾಳಿ ಇದ್ದರೆ ಮಾತ್ರ ಹಣ. ಈ ಭೇದವನ್ನು ಮನೆಯೊಡತಿ ಸರಿಪಡಿಸಬೇಕು, ಏಕೆಂದರೆ ಈ ಮನೆಯ ಹೆಸರು ನಿಂತಿರುವುದೇ ಅವರ ರೊಟ್ಟಿಯ ಮೇಲೆ. ಬೇಸಿಗೆಯಲ್ಲಿ ಕಟಕ ರೊಟ್ಟಿ, ಚಟ್ನಿಪುಡಿ ಮಾಡಿಸಿ ಮಾರಾಟಕ್ಕೆ ಕಳಿಸುವ ವಿಚಾರವಿದೆ ಎಂದು ಅವರು ಹೇಳಿದರು. ಅದು ಬೇಗ ಶುರುವಾಗಲಿ.

ಹಬ್ಬದ ರಜೆಯ ವಿಷಯದಲ್ಲಿ ಇವರು ತೆಗೆದುಕೊಂಡ ತೀರ್ಮಾನ ನನಗೆ ತುಂಬ ಹಿಡಿಸಿತು. ಎಳ್ಳ ಅಮಾವಾಸ್ಯೆಯಂದು ನಮ್ಮ ಕಡೆ ಯಾವ ರೈತರ ಮನೆಯವರೂ ಕೆಲಸಕ್ಕೆ ಬರುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ಅಂದು ಪ್ರವಾಸಿಗರ ಹಂಗಾಮು ಭರದಲ್ಲಿರುತ್ತದೆ. ಬೇರೆಡೆ ಅಂಥ ದಿನ ಕೆಲಸಗಾರರೊಡನೆ ಜಗಳವೇ ನಡೆಯುತ್ತದೆ. ಇಲ್ಲಿ ಅಂದು ಅಡುಗೆಮನೆಗೆ ಬೀಗ. ಕೋಣೆ ಕಾದಿರಿಸುವಾಗಲೇ ಅತಿಥಿಗಳಿಗೆ ತಿಳಿಸಿ, ಒಪ್ಪಿದವರನ್ನು ಮನೆಯವರ ಜೊತೆಗೆ ಹೊಲಕ್ಕೇ ಕರೆದೊಯ್ಯುತ್ತಾರೆ. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ, ಭರ್ತಾ, ಹಲವು ಬಗೆಯ ಪಲ್ಯ, ಎಲ್ಲವೂ ಜೋಳದ ಹೊಲದ ನಡುವೆ. ಕೆಲಸಗಾರರಿಗೆ ಹಬ್ಬವೂ ಸಿಕ್ಕಿತು, ದೂರದಿಂದ ಬಂದವರಿಗೆ ಯಾವ ಹೋಟೆಲಿನಲ್ಲೂ ಹಣ ಕೊಟ್ಟರೂ ಸಿಗದ ಊಟವೂ ಸಿಕ್ಕಿತು.

ಕೊರತೆಗಳನ್ನು ಹೇಳದಿದ್ದರೆ ಈ ವಿಮರ್ಶೆಗೆ ಅರ್ಥವಿಲ್ಲ. ರಾತ್ರಿಯ ಊಟ ಎಂಟೂವರೆಗೆ ಮುಗಿಯುತ್ತದೆ. ಹುಬ್ಬಳ್ಳಿ–ಸೊಲ್ಲಾಪುರ ಮಾರ್ಗದ ರೈಲಿನಲ್ಲಿ ತಡವಾಗಿ ಇಳಿದು, ಊರಿನಿಂದ ದೂರದಲ್ಲಿರುವ ನಿಲ್ದಾಣದಿಂದ ಆಟೋ ಹಿಡಿದು ಬರುವವರಿಗೆ ಮುಚ್ಚಿಟ್ಟ ಅನ್ನ ಮೊಸರು ಮಾತ್ರ ಸಿಗುತ್ತದೆ. ನಾವಿದ್ದಾಗ ಮೊದಲೇ ಹೇಳದೆ ಬಂದ ಹದಿನೈದು ಮಂದಿಯ ಒಂದು ಗುಂಪನ್ನು ಮನೆಯೊಡತಿ ವಾಪಸು ಕಳಿಸಲಾರದೆ ಕೂರಿಸಿಕೊಂಡರು. ರೊಟ್ಟಿ ಹೊಂದಿಸಲಾಗದೆ ಎಲ್ಲರ ಊಟವೂ ತಡವಾಯಿತು, ಒಲೆಯ ಮುಂದಿನ ಅಕ್ಕನ ಪಾಳಿ ಮುಗಿದು ಒಂದು ತಾಸಾದರೂ ಏಳಲಾಗಲಿಲ್ಲ. ಅಂಥ ಹೊತ್ತಿನಲ್ಲಿ ಇಲ್ಲವೆಂದು ಹೇಳುವುದೇ ಸರಿ. ಕನ್ನಡ ಬಾರದ ಅತಿಥಿಗಳೊಡನೆ ಮಾತಾಡಲು ಆ ಯುವಕನೊಬ್ಬನೇ ಆಸರೆ. ಬಾದಾಮಿಯ ಬಂಡೆ ಹತ್ತಲು ಹೊರದೇಶಗಳಿಂದಲೂ ಜನ ಬರುತ್ತಾರೆ. ಹಾಗೆ ಬಂದ ಇಬ್ಬರು, ಖಾರ ಕಡಿಮೆ ಹಾಕಿ ಎಂದು ತಿಳಿಸಲು ಕೈಸನ್ನೆಯಲ್ಲಿ ಪಾಡುಪಡುತ್ತಿದ್ದರು.

ಇದಕ್ಕಿಂತ ಗಂಭೀರವಾದದ್ದು ಕೆಲಸಗಾರರ ಸುರಕ್ಷತೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಅನ್ವಯವಾಗುವ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯ, ಎಂಟು ಹೆಣ್ಣುಮಕ್ಕಳು ಮತ್ತು ಒಬ್ಬ ಯುವಕನಿರುವ ಈ ಮನೆಯ ಪಾಲಿಗೆ ಇಲ್ಲ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾವನ್ನು ಎಲ್ಲರಿಗೂ ಮಾಡಿಸಿ, ಕಂತನ್ನು ಮನೆಯೊಡತಿಯೇ ತುಂಬುತ್ತಾರೆ. ಅದು ಒಳ್ಳೆಯದೇ, ಆದರೆ ಆ ವಿಮೆ ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ ಮಾತ್ರ ಸಲ್ಲುತ್ತದೆ. ಒಲೆಯ ಮುಂದೆ ದುಡಿಯುವವರಿಗೆ ನಿತ್ಯದ ಭಯವೆಂದರೆ ಬೆಂಕಿ, ಕುದಿಯುವ ಎಸರು. ಅಡುಗೆಮನೆಯಲ್ಲಿ ಸುಟ್ಟಗಾಯದ ಮುಲಾಮು ಇದ್ದದ್ದನ್ನು ನೋಡಿದೆ, ಬೆಂಕಿ ನಂದಿಸುವ ಸಿಲಿಂಡರು ಕಾಣಲಿಲ್ಲ. ಅದನ್ನು ಕೂಡಲೇ ತರಿಸಬೇಕೆಂದು ಹೇಳಿ ಬಂದಿದ್ದೇನೆ.

ಸರ್ಕಾರದ ಕಡೆಯಿಂದ ಆಗಬೇಕಾದದ್ದೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು. ಬನಶಂಕರಿಗೂ ಕೂಡಲಸಂಗಮಕ್ಕೂ ಬರುವ ತಾಯಂದಿರ ಗುಂಪುಗಳನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ಬಾದಾಮಿಯ ಹೋಟೆಲಿನಲ್ಲಿ ರಾತ್ರಿಯ ಪಾಳಿ ಮುಗಿಸಿದ ಹಳ್ಳಿಯ ಹೆಣ್ಣುಮಗಳಿಗೆ ಟಿಕೆಟ್ಟು ಉಚಿತವಿದ್ದರೂ ಊರಿಗೆ ಮರಳಲು ಬಸ್ಸೇ ಇರುವುದಿಲ್ಲ. ಈ ಹೋಮ್‌ಸ್ಟೇಗೆ ಜನ ಸಿಗುವುದಕ್ಕೆ ದೊಡ್ಡ ಕಾರಣ, ಎಂಟೂ ಮಂದಿ ಅದೇ ಊರಿನವರಾಗಿ ನಡೆದೇ ಮನೆ ಸೇರಬಲ್ಲರು ಎಂಬುದು. ಹಂಗಾಮಿನ ನಾಲ್ಕೈದು ತಿಂಗಳಾದರೂ ರಾತ್ರಿ ಒಂಬತ್ತರ ಹೊತ್ತಿಗೆ ಸುತ್ತಲ ಹಳ್ಳಿಗಳಿಗೆ ಒಂದೊಂದು ಬಸ್ಸು ಬಿಟ್ಟರೆ ಊರಿನ ಲಾಡ್ಜುಗಳಿಗೂ ಕೆಲಸಗಾರರು ಸಿಗುತ್ತಾರೆ. ತರಬೇತಿಯ ಮಾತೂ ಹಾಗೆಯೇ. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯವು ಅಡುಗೆ, ಬಡಿಸುವಿಕೆ, ಕೋಣೆಗಳ ನಿರ್ವಹಣೆ ಕಲಿಸಲು ಕೆಲವು ವಾರಗಳ ಕೋರ್ಸುಗಳಿರುವ ಹುನರ್ ಸೇ ರೋಜಗಾರ್ ತಕ್ ಯೋಜನೆಯನ್ನು 2009ರಲ್ಲಿ ಆರಂಭಿಸಿತು. ಅಂಥ ತರಬೇತಿಗಾಗಿ ದೂರದ ನಗರಕ್ಕೆ ಹೋಗಿ ವಾರಗಟ್ಟಲೆ ಇರಲು ಮನೆಗೆಲಸ, ಮಕ್ಕಳು, ದನಕರುಗಳನ್ನು ಬಿಟ್ಟು ಬರಲಾರದ ಇವರಿಗೆ ಸಾಧ್ಯವಿಲ್ಲ. ಕಲಿಸುವವರೇ ಬೇಸಿಗೆಯ ಖಾಲಿ ದಿನಗಳಲ್ಲಿ ಹಳ್ಳಿಗೆ ಬಂದು ಅರ್ಧ ದಿನದಂತೆ ಕಲಿಸಲಿ. ಕಲಿಯಲು ಜಾಗ ಬೇಕಾದರೆ ಈ ಹೋಮ್‌ಸ್ಟೇಯ ಪಡಸಾಲೆಯನ್ನೇ ಕೊಡುವುದಾಗಿ ಮನೆಯೊಡತಿ ಹೇಳುತ್ತಾರೆ.

ದರದ ಬಗ್ಗೆ ಎರಡು ಮಾತು. ಇಬ್ಬರಿಗೆ ಒಂದು ಕೋಣೆ, ಬೆಳಗಿನ ಉಪಾಹಾರ ಸೇರಿ, 1,800 ರೂಪಾಯಿ. ಊಟಕ್ಕೆ ತಲಾ 150, ರೊಟ್ಟಿಗೆ ಮಿತಿಯಿಲ್ಲ. ಬಾದಾಮಿಯ ಸಾಧಾರಣ ಲಾಡ್ಜಿಗಿಂತ ಕೋಣೆಯ ದರ ಹೆಚ್ಚಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ನೋಟುಪುಸ್ತಕದಲ್ಲಿ ಎಂಟು ಹೆಸರುಗಳನ್ನು ನೋಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ. ಉಪಾಹಾರಕ್ಕೆ ಒಂದು ದಿನ ಸುಸಲಾ, ಮಿರ್ಚಿ ಇದ್ದವು, ಇನ್ನೊಂದು ದಿನ ಉಪ್ಪಿಟ್ಟು. ಎರಡೂ ಸಾಧಾರಣ, ಮಧ್ಯಾಹ್ನದ ಊಟದ ಮಟ್ಟಕ್ಕೆ ಬರುವುದಿಲ್ಲ.

ಹೋಗುವವರು ಊಟದ ಲೆಕ್ಕವನ್ನು ಹಿಂದಿನ ಸಂಜೆಯೇ ತಿಳಿಸಬೇಕು, ಏಕೆಂದರೆ ಮರುದಿನದ ಪಾಳಿಗೆ ಎಷ್ಟು ಜನ ಬರಬೇಕೆಂಬುದು ಆ ಲೆಕ್ಕದ ಮೇಲೆ ನಿರ್ಧಾರವಾಗುತ್ತದೆ. ಬರುವುದಾಗಿ ಹೇಳಿ ಕೊನೆಗಳಿಗೆಯಲ್ಲಿ ಬಿಟ್ಟರೆ ಒಬ್ಬ ಹೆಣ್ಣುಮಗಳ ಪಾಳಿ ತಪ್ಪುತ್ತದೆ. ಮುಂಗಡ ಹಣ ಕೇಳುವುದಿಲ್ಲ, ನಾವಾಗಿಯೇ ಕಳಿಸಿದರೆ ಒಳ್ಳೆಯದು. ಬನಶಂಕರಿ ಜಾತ್ರೆಯ ದಿನಗಳಲ್ಲಿ ಕೋಣೆ ಕೊಡುವುದಿಲ್ಲ, ಆಗ ಮನೆಯ ತುಂಬ ಅವರ ಬೀಗರಿರುತ್ತಾರೆ.